ಆಷಾಢದಲ್ಲೂ ಕಂತು ಬರುತ್ತದೆ

ದಾವಣಗೆರೆ ಕಡೆಯ ಓದುಗರೊಬ್ಬರ ಪತ್ರ: ‘ಮನೆಯಲ್ಲೇ ನೈಟಿ, ಬ್ಲೌಸ್ ಪೀಸ್ ಮಾರುತ್ತೇನೆ. ಸಾಲ ಪಡೆದು ಅಂಗಡಿ ಬೆಳೆಸಿದ ಹೆಣ್ಣುಮಕ್ಕಳ ಬಗ್ಗೆ ನಿಮ್ಮ ಲೇಖನ ಓದಿ ಆಸೆಯಾಯಿತು. ಫೈನಾನ್ಸ್‌ನವರು ಗುಂಪಿನಲ್ಲಿ 30,000 ಕೊಡುತ್ತಾರಂತೆ. ಶೇ. 12 ಬಡ್ಡಿ, ತಿಂಗಳಿಗೆ 2,800ರಂತೆ 12 ಕಂತು. ತಗೊಳ್ಳಲಾ? ಉದ್ರಿ ಪುಸ್ತಕದಲ್ಲೇ 9,000 ನಿಂತಿದೆ.’

ಉತ್ತರ: ಆ ಲೇಖನದಲ್ಲಿ ನಾವು ಗೆದ್ದವರನ್ನಷ್ಟೇ ಮಾತಾಡಿಸಿದ್ದೆವು. ಅದು ನಮ್ಮ ತಪ್ಪು.

ಮೊದಲು ಬಡ್ಡಿ ನೋಡೋಣ. ಒಟ್ಟು ಕಟ್ಟುವುದು 33,600. ಬಡ್ಡಿ 3,600 ಮಾತ್ರ, ಶೇ. 12 ಸರಿಯಾಗೇ ಇದೆ ಅನಿಸುತ್ತದೆ. ಆದರೆ ವರ್ಷಪೂರ್ತಿ 30,000 ನಿಮ್ಮ ಕೈಲಿ ಇರಲ್ಲ ಅಲ್ವಾ? ಅಸಲು ತಿಂಗಳು ತಿಂಗಳೂ ವಾಪಸ್ ಹೋಗುತ್ತದೆ, ಬಡ್ಡಿ ಮಾತ್ರ ಪೂರ್ತಿ ಮೊತ್ತಕ್ಕೆ. ಉಳಿದ ಅಸಲಿಗಷ್ಟೇ ಲೆಕ್ಕ ಹಾಕಿದರೆ ಅದು ಶೇ. 21 ದಾಟುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷದ ನಿಜವಾದ ದರವನ್ನು ಅವರು ಬರೆದು ಕೊಡಬೇಕು. ಆ ಹಾಳೆ ಕೇಳಿ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅನ್ನುವುದೂ ಅದೇ ನಿಯಮ. ಮನೆಯವರ ಬೈಕಿನ ಸಾಲವೂ ಅದರಲ್ಲಿ ಬರುತ್ತದೆ, ಮರೀಬೇಡಿ.

ಆದರೆ ನನಗೆ ಬಡ್ಡಿಗಿಂತ ಜಾಸ್ತಿ ಭಯ ಆಷಾಢದ್ದು. ಮದುವೆ ಇಲ್ಲ, ಬ್ಲೌಸ್ ಪೀಸ್ ಕೇಳುವವರಿಲ್ಲ. ಕಂತಿಗೆ ಮಾತ್ರ ಆಷಾಢ ಇಲ್ಲ. ನಮ್ಮ ಕಚೇರಿ ಹಿಂದಿನ ಬೀದಿಯಲ್ಲಿ ಬಳೆ, ನೈಟಿ ಮಾರುವ ಅಕ್ಕ ಒಬ್ಬರಿದ್ದಾರೆ. ಸಾಲ ಬಂದದ್ದೇ ಗಾಜಿನ ಶೋಕೇಸ್ ಮಾಡಿಸಿದರು, ಒಳಗೆ ಟ್ಯೂಬ್‌ಲೈಟು ಬೇರೆ. ಚೆನ್ನಾಗೇ ಕಾಣುತ್ತಿತ್ತು. ಅದರಲ್ಲಿಡಲು ಮಾಲು ತರೋಕೆ ದುಡ್ಡು ಉಳಿದಿರಲಿಲ್ಲ. ಆರನೇ ಕಂತಿಗೆ ಇನ್ನೊಂದು ಕಡೆ ಸಾಲ ಮಾಡಿದರು. ಅಲ್ಲಿಂದ ಮುಂದೆ ಅಂಗಡಿ ನಡೆದದ್ದು ಕಂತಿಗಾಗಿ.

ಹಾಗಾಗಿ ಒಂದೆರಡು ತಿಂಗಳಲ್ಲಿ ಮಾರಿ ಹೋಗುವ ಮಾಲಿಗಷ್ಟೇ ಸಾಲ ತೆಗೆಯಿರಿ. ಅದನ್ನೂ ಶ್ರಾವಣದ ಹೊಸ್ತಿಲಲ್ಲಿ ತೆಗೆಯಿರಿ, ಗೌರಿ ಬಾಗಿನಕ್ಕೆ ಬ್ಲೌಸ್ ಪೀಸ್ ಬೇಕೇ ಬೇಕು. ಮೊದಲ ಸಲ 10,000 ಸಾಕು. ಗುಂಪಿನ ಸಾಲದಲ್ಲಿ ಪಕ್ಕದ ಮನೆಯವರು ತಪ್ಪಿಸಿದ ಕಂತೂ ನಿಮ್ಮ ತಲೆಗೇ ಬರಬಹುದು. ಅದಕ್ಕೇ ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ಶಿಶು ಸಾಲ ಕೇಳಿ ನೋಡಿ. 50,000ದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ನಾಲ್ಕು ಸಲ ಅಲೆಸುತ್ತಾರೆ, ಅದು ಬೇರೆ ಮಾತು.

ಇನ್ನು ಆ 9,000. ಪತ್ರದ ಕೊನೆಗೆ ಸುಮ್ನೆ ಸೇರಿಸಿದ್ದೀರಿ, ನಾನು ಮೊದಲು ಓದಿದ್ದೇ ಅದನ್ನು. ಅದರಲ್ಲಿ ಅರ್ಧ ವಸೂಲಾದರೂ, ಯಾರ ಸಹಿಯೂ ಇಲ್ಲದೆ ಮಾಲು ತರಲು ಬಸ್ ಹತ್ತಬಹುದು.