ಎದೆಹಾಲಿನಲ್ಲಿ ಸೀಸ, ಪಾದರಸ: ಹಾಲನ್ನಲ್ಲ, ರಕ್ತವನ್ನು ನೋಡಿಸಿ

ಪ್ರಶ್ನೆ: ಹಳೆ ಬ್ಯಾಟರಿಗಳಿಂದ ಸೀಸ ತೆಗೆಯುವ ಕಡೆ ಆರು ವರ್ಷ ದುಡಿದಿದ್ದೆ. ಬಿಟ್ಟು ಎರಡು ವರ್ಷವಾಯಿತು. ಈಗ ಎರಡು ತಿಂಗಳ ಮಗುವಿದೆ. ನನ್ನ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 12 ಮೈಕ್ರೋಗ್ರಾಂ ಬಂದಿದೆ. ಕೆಲಸ ಬಿಟ್ಟ ಮೇಲೂ ಇದು ಎಲ್ಲಿಂದ ಬಂತು? ಹಾಲುಣಿಸುವುದನ್ನು ನಿಲ್ಲಿಸಬೇಕೆ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2010ರ ಮಾರ್ಗಸೂಚಿಯ ಪ್ರಕಾರ, ತಾಯಿಯ ರಕ್ತದ ಸೀಸ ಡೆಸಿಲೀಟರಿಗೆ 40 ಮೈಕ್ರೋಗ್ರಾಂ ಮುಟ್ಟಿದರೆ, ಅದು ಇಳಿಯುವ ತನಕ ಹಾಲನ್ನು ಹಿಂಡಿ ಚೆಲ್ಲಬೇಕು. ನಿಮ್ಮದು ಅದಕ್ಕಿಂತ ಬಹಳ ಕೆಳಗಿದೆ. ಹಾಲಿಗೆ ಇಳಿಯುವುದು ಸಾಮಾನ್ಯವಾಗಿ ರಕ್ತದಲ್ಲಿರುವುದರ ಶೇ. 3ಕ್ಕಿಂತ ಕಡಿಮೆ. ಡೆಸಿಲೀಟರ್ ಎಂದರೆ ಲೀಟರಿನ ಹತ್ತನೇ ಒಂದು ಭಾಗ; ಹಾಗಾಗಿ ನಿಮ್ಮ ಲೀಟರ್ ರಕ್ತದಲ್ಲಿ 120 ಮೈಕ್ರೋಗ್ರಾಂ ಇದ್ದರೆ ಲೀಟರ್ ಹಾಲಿನಲ್ಲಿ ಹೆಚ್ಚೆಂದರೆ ಮೂರೋ ನಾಲ್ಕೋ. ಹಾಗೆಂದು ಸುಮ್ಮನಿರುವಂತಿಲ್ಲ. ಸೀಸದಲ್ಲಿ ಇಷ್ಟಾದರೆ ಪರವಾಗಿಲ್ಲ ಎಂಬ ಪ್ರಮಾಣವೇ ಇಲ್ಲ, ಮತ್ತು ಅದರ ಏಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ. ಮಗುವಿನ ರಕ್ತವನ್ನೂ ಈಗಲೇ ಪರೀಕ್ಷಿಸಿ, ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ನೋಡಿಸಿ. ಏರುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಹಾಲಿನಾಚೆಗೆ: ಉದುರುತ್ತಿರುವ ಹಳೆ ಬಣ್ಣ, ನೀರಿನ ಕೊಳವೆ, ಮನೆಯವರ ಕೆಲಸದ ಬಟ್ಟೆಯ ಧೂಳು. ನೆಲವನ್ನು ಒಣಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನು ಮೂಲ. ರಕ್ತದಲ್ಲಿನ ಸೀಸ ತಿಂಗಳೊಂದರಲ್ಲಿ ಅರ್ಧದಷ್ಟು ಇಳಿಯುತ್ತದೆ, ಆದರೆ ಮೂಳೆಯೊಳಗೆ ಕ್ಯಾಲ್ಸಿಯಂ ಜಾಗದಲ್ಲಿ ಕೂತದ್ದು ದಶಕಗಟ್ಟಲೆ ಇರುತ್ತದೆ. ಬಸಿರು, ಬಾಣಂತನದಲ್ಲಿ ದೇಹ ಮೂಳೆಯಿಂದ ಕ್ಯಾಲ್ಸಿಯಂ ಸೆಳೆಯುವಾಗ ಸೀಸವೂ ಜೊತೆಗೇ ಹೊರಬರುತ್ತದೆ. ಬಾಣಂತಿಯರಿಗೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಕೊಟ್ಟಾಗ ರಕ್ತದ ಸೀಸ ತುಸು ತಗ್ಗಿದ್ದು ಪರೀಕ್ಷೆಗಳಲ್ಲಿ ಕಂಡಿದೆ. ವೈದ್ಯರನ್ನು ಕೇಳಿ, ಒಂದು ಸಲಕ್ಕೆ 500 ಮಿ.ಗ್ರಾಂ ಮೀರದಂತೆ ಊಟದ ಜೊತೆ ತೆಗೆದುಕೊಳ್ಳಿ. ಮೂಳೆಪುಡಿಯಿಂದ ಮಾಡಿದ ಮಾತ್ರೆ ಮಾತ್ರ ಬೇಡ, ಅದರಲ್ಲೇ ಸೀಸ ಇರಬಹುದು. ರಕ್ತಹೀನತೆ ಇದೆಯೇ ಎಂದೂ ನೋಡಿಸಿ: ಕಬ್ಬಿಣದ ಕೊರತೆಯಿದ್ದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ.

ಪ್ರಶ್ನೆ: ಎದೆಹಾಲನ್ನೇ ಲ್ಯಾಬಿಗೆ ಕಳಿಸಿದರೆ ಸ್ಪಷ್ಟ ಉತ್ತರ ಸಿಗುವುದಿಲ್ಲವೇ?

ಉತ್ತರ: ಸಿಗುವುದು ಕಷ್ಟ. ಅಳೆಯುತ್ತಿರುವುದು ಲೀಟರಿಗೆ ಕೆಲವೇ ಮೈಕ್ರೋಗ್ರಾಂ. ಪಂಪ್, ಬಾಟಲಿಯ ಮುಚ್ಚಳ, ಮೊಲೆತೊಟ್ಟಿಗೆ ಹಚ್ಚಿದ ಕ್ರೀಮ್, ಬೆರಳಿನ ಧೂಳು, ಯಾವುದು ತಾಗಿದರೂ ಸಂಖ್ಯೆ ಕೆಡುತ್ತದೆ. ಬಂದ ಸಂಖ್ಯೆಯನ್ನು ಹೋಲಿಸಲು ಎಲ್ಲರೂ ಒಪ್ಪಿದ ಮಿತಿಯೂ ಇಲ್ಲ. ರಕ್ತವನ್ನೇ ನೋಡಿಸಿ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಸೀಸ ಹೆಚ್ಚು ಬಂದರೆ, ಚರ್ಮದ ಮೇಲಿನ ಧೂಳೇ ಬೆರೆತಿರಬಹುದು. ರಕ್ತನಾಳದಿಂದ ತೆಗೆದು ಖಚಿತಪಡಿಸಿ.

ಪ್ರಶ್ನೆ: ನಮ್ಮ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇದೆ. ಎದೆಹಾಲಿಗಿಂತ ಪುಡಿಹಾಲು ಮೇಲಲ್ಲವೇ? ನೀರು ಕುದಿಸಿಯೇ ಕಲಸುತ್ತೇವೆ.

ಉತ್ತರ: ಇದು ತೀರಾ ತಿರುಗುಮುರುಗು. ತಾಯಿ ಕುಡಿದ ನೀರಿನ ಆರ್ಸೆನಿಕ್ ಹಾಲಿಗೆ ಬರುವುದು ಅತ್ಯಲ್ಪ. ಅದೇ ನೀರಿನಲ್ಲಿ ಪುಡಿ ಕಲಸಿದರೆ ಪೂರ್ತಿ ಮಗುವಿನ ಹೊಟ್ಟೆಗೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಲೋಹ ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಗಾಢವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅದನ್ನು ಮೀರಿದ ನೀರು ತಾಯಿಗೂ ಬೇಡ, ಮಗುವಿಗಂತೂ ಬೇಡವೇ ಬೇಡ.

ಪ್ರಶ್ನೆ: ಮೈಬಣ್ಣ ತಿಳಿಯಾಗಿಸುವ ಕ್ರೀಮನ್ನು ಬಾಣಂತನದಲ್ಲಿ ಹಚ್ಚಬಹುದೇ?

ಉತ್ತರ: ಬೇಡ. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್ ಎಂದಿದ್ದರೆ ಅದು ಪಾದರಸವೇ. ಪಟ್ಟಿಯೇ ಇಲ್ಲದ ಡಬ್ಬಿಯನ್ನಂತೂ ಮುಟ್ಟಬೇಡಿ. ಚರ್ಮದ ಮೂಲಕ ಒಳಸೇರುವ ಈ ಅಜೈವಿಕ ಪಾದರಸ ಹಾಲಿಗೂ ಇಳಿಯುತ್ತದೆ. ಅಷ್ಟೇ ಅಲ್ಲ, ಟವೆಲ್, ದಿಂಬು, ನಿಮ್ಮ ಕೆನ್ನೆಯಿಂದ ಮಗುವಿನ ಕೈಬಾಯಿಗೂ ಅಂಟುತ್ತದೆ. ಈಗಾಗಲೇ ಹಚ್ಚುತ್ತಿದ್ದರೆ ಇಂದೇ ಬಿಡಿ, ಮೂತ್ರದಲ್ಲಿ ಪಾದರಸ ಎಷ್ಟಿದೆ ಎಂದು ನೋಡಿಸಿ. ಡಬ್ಬಿಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ವೈದ್ಯರಿಗೆ ತೋರಿಸಲು ತೆಗೆದಿಡಿ, ಸಿಂಕಿಗೆ ಸುರಿಯಬೇಡಿ.