ಗರ್ಭಿಣಿಯ ಮಾನಸಿಕ ಒತ್ತಡದಿಂದ ಮಗುವಿನ ಮೆದುಳಿಗೆ ಹಾನಿಯಾಗುತ್ತದೆಯೇ?

ಏಳನೆಯ ತಿಂಗಳಲ್ಲಿ ರಾತ್ರಿಯಿಡೀ ಆತಂಕದಿಂದ ಎಚ್ಚರವಾಗಿರುತ್ತೇನೆ, ಮಗುವಿಗೆ ಆಗಲೇ ಹಾನಿಯಾಗಿರಬಹುದೇ ಎಂದು ಕೇಳಿದ್ದೀರಿ. ಒಂಬತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು.

ತಪಾಸಣೆಯ ದಿನ ವೈದ್ಯೆ ನನ್ನ ರಕ್ತದೊತ್ತಡವನ್ನು ಬರೆದುಕೊಂಡು, ಪೆನ್ನು ಕೆಳಗಿಡದೆ, "ನಿದ್ದೆ ಬರುತ್ತಿದೆಯೇ?" ಎಂದು ವಿಚಾರಿಸಿದರು. ಹಿಂದಿನ ರಾತ್ರಿ ಎರಡು ಗಂಟೆಯೂ ಮಲಗಿರದ ನಾನು "ಬರುತ್ತಿದೆ" ಎಂದೆ. ಅವರು ಅದನ್ನೇ ಬರೆದುಕೊಂಡರು. ನಾನು ಮಾಡಿದ ತಪ್ಪು ಇದೊಂದೇ. ನಿಜ ಹೇಳಿದರೆ ಕೆಟ್ಟ ತಾಯಿ ಎನ್ನಿಸಿಕೊಳ್ಳುತ್ತೇನೆಂಬ ಅಳುಕು ಒಂದು ಕಡೆ, ಬಾಯಿಬಿಟ್ಟು ಹೇಳಿದರೆ ಹಾನಿ ಖಚಿತವಾಗಿಬಿಡುತ್ತದೆಂಬ ಭಯ ಇನ್ನೊಂದು ಕಡೆ. ಮುಂದಿನ ಪ್ರತಿ ಭೇಟಿಯಲ್ಲೂ ಹಳೆಯ ಸುಳ್ಳನ್ನು ಉಳಿಸಿಕೊಳ್ಳಲು ಅದೇ ಉತ್ತರ ಕೊಟ್ಟೆ. ಚಿಕಿತ್ಸೆಯಿಂದ ಕಡಿಮೆಯಾಗಬಹುದಾಗಿದ್ದ ಆತಂಕ ಹೆರಿಗೆಯ ನಂತರವೂ ಒಂದೂವರೆ ವರ್ಷ ನನ್ನೊಳಗೇ ಉಳಿಯಿತು.

ಮಗ ಕಲಿತ ಪದಗಳನ್ನು ನೋಟ್‌ಬುಕ್ಕಿನಲ್ಲಿ ಎಣಿಸುತ್ತಿದ್ದೆ. ಒಮ್ಮೆ ಅವನು ಚೆಂಡನ್ನು ಮೂರು ಸಲ ನನ್ನ ಕಡೆಗೆ ಉರುಳಿಸಿದ. ನಾನು ಬರೆಯುತ್ತಲೇ ಇದ್ದೆ. ನಾಲ್ಕನೆಯ ಸಲ ಅವನು ಅದನ್ನು ಗೋಡೆಯ ಕಡೆಗೆ ಉರುಳಿಸಿದ. ಮರುದಿನವೇ ಮನೋವೈದ್ಯರ ಬಳಿಗೆ ಹೋದೆ.

ಆಗಲೇ ಹಾನಿಯಾಗಿದೆಯೇ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ ಎಂಬುದು ನನ್ನ ಮಾತು. ತಾಯಿಯ ರಕ್ತದಲ್ಲಿರುವ ಒತ್ತಡದ ಹಾರ್ಮೋನು ಕಾರ್ಟಿಸಾಲ್‌ನಲ್ಲಿ ಹೆಚ್ಚಿನ ಪಾಲನ್ನು ಮಾಸುವಿನ (ಪ್ಲಸೆಂಟಾ) ಕಿಣ್ವವೊಂದು ನಿಷ್ಕ್ರಿಯಗೊಳಿಸುತ್ತದೆ; ದಿನನಿತ್ಯದ ಕಿರಿಕಿರಿಗೆ ಹೆದರಬೇಕಾಗಿಲ್ಲ. ತೀವ್ರವಾದ, ದೀರ್ಘಕಾಲದ ಒತ್ತಡದ ಮಾತು ಬೇರೆ. ಕೆನಡಾದ ಕ್ವಿಬೆಕ್‌ನಲ್ಲಿ 1998ರ ಹಿಮಬಿರುಗಾಳಿಯ ವೇಳೆ ಹೆಚ್ಚು ಕಷ್ಟಪಟ್ಟ ಗರ್ಭಿಣಿಯರ ಮಕ್ಕಳು ಎರಡು ವರ್ಷದ ವಯಸ್ಸಿನಲ್ಲಿ ಭಾಷೆ ಮತ್ತು ಗ್ರಹಿಕೆಯ ಪರೀಕ್ಷೆಗಳಲ್ಲಿ ಸರಾಸರಿಯಾಗಿ ತುಸು ಹಿಂದಿದ್ದರು. ಬ್ರಿಟನ್ನಿನಲ್ಲಿ ಸಾವಿರಾರು ತಾಯಂದಿರ ಅಧ್ಯಯನದಲ್ಲಿ, ಗರ್ಭಾವಸ್ಥೆಯ ಕೊನೆಯಲ್ಲಿ ಅತಿ ಹೆಚ್ಚು ಆತಂಕವಿದ್ದವರ ಮಕ್ಕಳಿಗೆ ನಡವಳಿಕೆಯ ತೊಂದರೆಯ ಸಾಧ್ಯತೆ ಸುಮಾರು ಇಮ್ಮಡಿಯಾಗಿತ್ತು. ಆದರೂ ಅವರಲ್ಲಿ ಬಹುಪಾಲು ಮಕ್ಕಳಿಗೆ ಅಂಥ ತೊಂದರೆ ಬರಲಿಲ್ಲ. ಸರಾಸರಿಯ ಈ ಲೆಕ್ಕಗಳಿಂದ ನಿಮ್ಮ ಮಗುವಿನ ಭವಿಷ್ಯವನ್ನು ಯಾರೂ ಹೇಳಲಾರರು. ಹುಟ್ಟಿದ ಮೇಲೆ ಸಿಗುವ ಅಕ್ಕರೆಯ ಆರೈಕೆಯೂ ಬೆಳವಣಿಗೆಯನ್ನು ರೂಪಿಸುತ್ತದೆ.

"ಸದಾ ಸಂತೋಷವಾಗಿರು" ಎನ್ನುವವರ ಉಪದೇಶವನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅದರಿಂದ ನನಗೆ ಅಪರಾಧಿ ಭಾವ ಹೆಚ್ಚಿತಷ್ಟೇ. ಈ ವಾರವೇ ವೈದ್ಯರಿಗೆ ಎಲ್ಲವನ್ನೂ ತಿಳಿಸಿ. ಖಿನ್ನತೆ, ಆತಂಕದ ಲಕ್ಷಣಗಳನ್ನು ಗುರುತಿಸಲು 1987ರಲ್ಲಿ ಬಾಣಂತಿಯರಿಗಾಗಿ ರೂಪಿಸಿದ, ಈಗ ಗರ್ಭಿಣಿಯರಿಗೂ ಬಳಸುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆಗಳಿವೆ. ಅದನ್ನು ಕೇಳಿ ಪಡೆಯಿರಿ. ಆಪ್ತಸಮಾಲೋಚನೆಯಿದೆ, ಅಗತ್ಯಬಿದ್ದರೆ ಗರ್ಭಾವಸ್ಥೆಯಲ್ಲಿ ಕೊಡಬಹುದಾದ ಔಷಧಿಗಳೂ ಇವೆ. ನಿದ್ದೆಯ ವಿಷಯವನ್ನು ಅವರು ಕೇಳದಿದ್ದರೆ, ಕುರ್ಚಿಯಿಂದ ಏಳುವ ಮೊದಲು ನೀವೇ ಹೇಳಿಬಿಡಿ.