ಸ್ಕುಲ್ಡ್ ಕೈಗೆ ಕತ್ತರಿ ಕೊಟ್ಟವರು ಯಾರು?

ನಮಸ್ಕಾರ,

ನಿಮ್ಮ 'ಮೂರನೆಯ ತಂಗಿ' ಕಥೆಯನ್ನು ಎರಡು ಸಲ ಓದಿದೆ. ಈ ಸಲ ಪತ್ರಿಕೆಯಲ್ಲಿ ಹಾಕಿಕೊಳ್ಳುತ್ತಿಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ಆರಾಮಾಗಿ ಓದಿ, ಬೈಯಬೇಕು ಅನ್ನಿಸಿದರೆ ಬೈಯಿರಿ.

ನಾರ್ಸ್ ಪುರಾಣದ ವಿಧಿದೇವತೆ ಸ್ಕುಲ್ಡ್ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ ಅನ್ನುವ ಯೋಚನೆ ನನಗೆ ಹಿಡಿಸಿತು. ಆದರೆ ಎರಡನೇ ಪುಟಕ್ಕೇ ಅವಳು ಕತ್ತರಿ ತೆಗೆದು ಸೈನಿಕನ ಆಯಸ್ಸಿನ ದಾರವನ್ನು ಕಚಕ್ ಅಂತ ಕತ್ತರಿಸುತ್ತಾಳೆ. ಅದು ಗ್ರೀಕರ ವಿಧಿದೇವತೆ ಅಟ್ರೊಪೊಸ್ ಮಾಡುವ ಕೆಲಸ ಮಾರಾಯ್ರೇ! ನಾರ್ಸ್ ಕಥೆಗಳಲ್ಲಿ ದಾರ ಇಲ್ಲವೇ ಇಲ್ಲ ಅಂತಲ್ಲ. ಹೆಲ್ಗಿ ಎಂಬ ವೀರ ಹುಟ್ಟಿದ ರಾತ್ರಿ ನಾರ್ನ್‌ಗಳು, ಅಂದರೆ ಸ್ಕುಲ್ಡ್‌ಳಂಥ ವಿಧಿದೇವತೆಯರು, ಬಂದು ಚಿನ್ನದ ಎಳೆ ಹೊಸೆದು, ಚಂದ್ರನ ಅಂಗಳದ ಕೆಳಗೆ ಬಿಗಿದು, ತುದಿಗಳನ್ನು ಪೂರ್ವಕ್ಕೂ ಪಶ್ಚಿಮಕ್ಕೂ ಕಟ್ಟುತ್ತಾರೆ. ಕಟ್ಟುತ್ತಾರೆ, ಅಷ್ಟೇ. ಕತ್ತರಿ ಎಲ್ಲೂ ಬರುವುದಿಲ್ಲ.

'ವೊಲುಸ್ಪಾ' ಎಂಬ ಹಳೆಯ ನಾರ್ಸ್ ಹಾಡಿನಲ್ಲಿ ಉರ್ದ್, ವೆರ್ದಾಂದಿ, ಸ್ಕುಲ್ಡ್ ಎಂಬ ನಾರ್ನ್‌ಗಳು ಮೂವರೂ ಮರದ ಚಕ್ಕೆಯ ಮೇಲೆ ಕೆತ್ತುತ್ತಾರೆ. 'ಹಣೆಬರಹ' ಅನ್ನುವ ಜನ ನಾವು, ಕೆತ್ತುವ ದೇವತೆಯನ್ನು ಬಿಟ್ಟು ನೂಲುವವಳನ್ನು ಯಾಕೆ ಹುಡುಕಿಕೊಂಡು ಹೋದಿರಿ? ಇನ್ನು ಅವರ ದಿನದ ಕೆಲಸ ಏನು ಗೊತ್ತಾ? 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೊರ್ರಿ ಬರೆದಿಟ್ಟ ಪ್ರಕಾರ, ಅವರು ಉರ್ದ್‌ಳ ಬಾವಿಯಿಂದ ನೀರನ್ನೂ ಸುತ್ತಲಿನ ಕೆಸರನ್ನೂ ಎತ್ತಿ, ಇಗ್‌ಡ್ರಸಿಲ್ ಎಂಬ ವಿಶ್ವವೃಕ್ಷದ ಕೊಂಬೆಗಳು ಕೊಳೆಯದ ಹಾಗೆ ಅದರ ಮೇಲೆ ಸುರಿಯುತ್ತಾರೆ. ದಿನಾ. ಆ ನೀರಿಗೆ ಬಿದ್ದದ್ದೆಲ್ಲ ಮೊಟ್ಟೆಯ ಚಿಪ್ಪಿನ ಒಳಗಿನ ಪೊರೆಯಷ್ಟು ಬೆಳ್ಳಗಾಗುತ್ತದಂತೆ. ನಿಮ್ಮ ಸ್ಕುಲ್ಡ್ ಹನ್ನೊಂದು ಪುಟ ಮಾತಾಡುತ್ತಾಳೆ, ಒಂದು ಸಲವಾದರೂ ಕೈ ಕೆಸರು ಮಾಡಿಕೊಳ್ಳುವುದಿಲ್ಲ. ಬರೀ ನಿಟ್ಟುಸಿರು. ಕೈಗೆ ಕೆಲಸ ಕೊಡಿ, ಆಮೇಲೆ ಅವಳ ಮಾತೇ ಬೇರೆಯಾಗುತ್ತದೆ.

ಮುಖ್ಯ ತಕರಾರು ಇನ್ನೊಂದಿದೆ. ಅವಳನ್ನು ನೀವು 'ಭವಿಷ್ಯದ ದೇವತೆ' ಅಂದುಬಿಟ್ಟಿದ್ದೀರಿ, ಎಲ್ಲರೂ ಹಾಗೇ ಬರೆಯುತ್ತಾರೆ, ಅದಕ್ಕೇ ಅವಳು ಜ್ಯೋತಿಷಿ ಥರ ಕಾಣುತ್ತಾಳೆ. ಆ ಹೆಸರಿನ ಬೇರು 'ಆಗಲೇಬೇಕು' ಅನ್ನುವ ಕ್ರಿಯಾಪದದಲ್ಲಿದೆ. ಸ್ವೀಡನ್ನಿನಲ್ಲಿ ಇವತ್ತಿಗೂ ಸಾಲಕ್ಕೆ 'ಸ್ಕುಲ್ಡ್' ಅಂತಲೇ ಹೇಳುತ್ತಾರೆ. ಸಾಲ! ಯಾರಾದರೂ ತೀರಿಕೊಂಡರೆ ನಮ್ಮ ಮನೆಗಳಲ್ಲಿ 'ಅನ್ನದ ಋಣ ತೀರಿತು' ಅನ್ನುವುದಿಲ್ವಾ? ಕನ್ನಡದವರಿಗೆ ಈ ದೇವತೆಯನ್ನು ಅರ್ಥ ಮಾಡಿಸಲು ಆ ಒಂದು ಪದ ಸಾಕಿತ್ತು, ಅದನ್ನು ಬಿಟ್ಟು ನಾಲ್ಕನೇ ಪುಟದಲ್ಲಿ 'ಕಾಲಚಕ್ರ', 'ಅನಂತತೆ', 'ಕರ್ಮಫಲ' ಅಂತೆಲ್ಲ ತುರುಕಿದ್ದೀರಿ. 'ಕರ್ಮ'ವಂತೂ ದಯವಿಟ್ಟು ತೆಗೆಯಿರಿ. ನಾರ್ನ್‌ಗಳು ಯಾರ ಪಾಪಪುಣ್ಯದ ಲೆಕ್ಕವನ್ನೂ ನೋಡುವವರಲ್ಲ.

ನಾರ್ನಗೆಸ್ಟ್‌ನ ಕಥೆ ನೆನಪಿಸಿಕೊಳ್ಳಿ. ಮಗು ತೊಟ್ಟಿಲಲ್ಲಿದೆ, ಪಕ್ಕದಲ್ಲಿ ಮೇಣದಬತ್ತಿ ಉರಿಯುತ್ತಿದೆ. ನೋಡಲು ಬಂದ ನಾರ್ನ್‌ಗಳಲ್ಲಿ ಚಿಕ್ಕವಳಿಗೆ ಯಾರೂ ಮರ್ಯಾದೆ ಕೊಡಲಿಲ್ಲ, ಅದಕ್ಕೆ ಸಿಟ್ಟಾಗಿ 'ಈ ಬತ್ತಿ ಉರಿಯುವಷ್ಟು ಹೊತ್ತೇ ಇವನ ಆಯಸ್ಸು' ಅಂದಳು. ಹಿರಿಯವಳು ತಕ್ಷಣ ಬತ್ತಿ ಆರಿಸಿ ತಾಯಿ ಕೈಗೆ ಕೊಟ್ಟಳು. ಅವನು ಅದನ್ನು ತನ್ನ ಹಾರ್ಪ್ ವಾದ್ಯದೊಳಗೆ ಇಟ್ಟುಕೊಂಡು 300 ವರ್ಷ ಬದುಕಿದ. ಕೊನೆಗೆ ನಾರ್ವೆಯ ರಾಜ ಒಲಾಫ್ ಟ್ರಿಗ್ವಸನ್ನನ ಆಸ್ಥಾನದಲ್ಲಿ ಅದನ್ನು ಹಚ್ಚಿದರು, ಬತ್ತಿ ಮುಗಿಯಿತು, ಅವನೂ ಹೋದ. ಒಂದು ಮೇಣದಬತ್ತಿ, ಒಂದು ಸಿಟ್ಟು. 'ವಿಧಿ' ಅನ್ನುವ ಪದ ನೀವು ಮಾತ್ರ ಇಪ್ಪತ್ತಮೂರು ಸಲ ಬಳಸಿದ್ದೀರಿ, ಕೂತು ಎಣಿಸಿದೆ.

ಏಳನೇ ಪುಟ ಮಾತ್ರ ಮುಟ್ಟಬೇಡಿ. ಗಾಯಗೊಂಡ ಸೈನಿಕನಿಗೆ ಕುದುರೆ ಮೈಯ ಬೆವರಿನ ವಾಸನೆ ಬಂದು, ಆಮೇಲೆ ಹೆಂಗಸಿನ ಕಾಲು ಕಾಣುತ್ತದಲ್ಲ, ಅದು ನಿಜವಾದ ಬರವಣಿಗೆ. ಸ್ಕುಲ್ಡ್ ವಾಲ್ಕಿರಿಯೂ ಹೌದು, ಯುದ್ಧದಲ್ಲಿ ಸಾಯುವವರನ್ನು ಆರಿಸಲು ಕುದುರೆ ಏರಿ ಹೋಗುವವಳು. ನಿಮಗೆ ಇದು ಗೊತ್ತಿದ್ದೇ ಬರೆದಿರೋ, ಅಡ್ಡೇಟಿಗೆ ಸಿಕ್ಕಿತೋ ಕಾಣೆ. ಕಥೆ ಅಲ್ಲಿಂದಲೇ ಶುರುವಾಗಲಿ. ಮೊದಲ ಆರು ಪುಟ ಹೋದರೆ ನಷ್ಟವೇನಿಲ್ಲ, ಕೊನೆಯ ಪ್ಯಾರಾದ ಉಪದೇಶವೂ ಹೋಗಲಿ.

ಇನ್ನೊಂದು. ಮೂರು ಕಡೆ 'ಸ್ಕಾಲ್ಡ್' ಅಂತ ಆಗಿದೆ. ಸ್ಕಾಲ್ಡ್ ಅಂದರೆ ಆ ಕಡೆಯ ಆಸ್ಥಾನಕವಿ. ಕವಿ ಬಂದು ಸೈನಿಕನ ಪ್ರಾಣ ತೆಗೆಯುವ ಹಾಗಾಗಿದೆ, ಸರಿ ಮಾಡಿ ಕಳಿಸಿ.